ಹೋಳಿಗೆ ಒಡೆಯುವುದೇಕೆ? ಕಣಕ, ಹೂರಣ ಮತ್ತು ನೀರಿನ ಲೆಕ್ಕ

ಯುಗಾದಿಯ ದಿನ ಹಂಚಿನ ಮೇಲೆ ಹೋಳಿಗೆ ಒಡೆದು, ಹೂರಣ ಹೊರಗೆ ಬಂದು, ಸೀದ ಬೆಲ್ಲದ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿದಾಗ ತಪ್ಪು ಲಟ್ಟಿಸಿದವರ ಕೈಯದೆಂದು ಎಲ್ಲರೂ ತೀರ್ಮಾನಿಸಿಬಿಡುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ತಿಳಿದು ಲಟ್ಟಣಿಗೆ ಬದಲಿಸಿ, ಮಣೆ ಬದಲಿಸಿ, ಕೊನೆಗೆ ಇದು ನನಗೆ ಒಲಿಯುವ ವಿದ್ಯೆಯಲ್ಲವೆಂದು ಹಬ್ಬಕ್ಕೆ ಅಂಗಡಿಯಿಂದಲೇ ಹೋಳಿಗೆ ತರಿಸಿದ್ದುಂಟು. ಆದರೆ ಒಡೆದ ಹೋಳಿಗೆಯ ಜಾಡು ಹಿಡಿದು ಹಿಂದಕ್ಕೆ ಹೋದರೆ, ಅದು ಒಡೆಯುವುದು ಬೇಳೆ ಬಸಿಯುವ ಹೊತ್ತಿಗೋ ಹಿಟ್ಟು ಕಲಸುವ ಹೊತ್ತಿಗೋ ನಿಶ್ಚಯವಾಗಿರುತ್ತದೆ. ಲಟ್ಟಿಸುವಾಗ ಅದು ಕಣ್ಣಿಗೆ ಬೀಳುತ್ತದೆ, ಅಷ್ಟೆ.

ಒಳಗೆ ತುಂಬಿ ಮಾಡುವ ಯಾವ ತಿನಿಸಿನಲ್ಲೂ ಎರಡು ಬೇರೆ ಬೇರೆ ವಸ್ತುಗಳನ್ನು ಒಟ್ಟಿಗೆ ಒತ್ತಿ ತೆಳ್ಳಗೆ ಮಾಡಬೇಕಾಗುತ್ತದೆ. ಹೊರಗಿನದು ಕಣಕ, ಒಳಗಿನದು ಹೂರಣ. ಒತ್ತಿದಾಗ ಇವೆರಡೂ ಒಂದೇ ವೇಗದಲ್ಲಿ ಹರಡಿದರೆ ಹೋಳಿಗೆ ಅಂಚಿನವರೆಗೂ ಸಮನಾಗಿ ಬರುತ್ತದೆ. ಹೂರಣ ಗಟ್ಟಿಯಾಗಿದ್ದು ಕಣಕ ಮೆತ್ತಗಿದ್ದರೆ ಹೊದಿಕೆ ಮಾತ್ರ ಹರಡಿ ತೆಳುವಾಗುತ್ತದೆ, ನಡುವೆ ಹೂರಣದ ಉಂಡೆ ಹಾಗೆಯೇ ಉಳಿದು ಅದನ್ನು ಸೀಳಿಕೊಂಡು ಮೇಲೆ ಬರುತ್ತದೆ. ಕಣಕ ಗಟ್ಟಿಯಾಗಿದ್ದು ಹೂರಣ ಸಡಿಲವಾಗಿದ್ದರೆ ಒತ್ತಡಕ್ಕೆ ಹೂರಣವೇ ಮೊದಲು ಓಡುತ್ತದೆ, ದಾರಿ ಸಿಕ್ಕಲ್ಲಿ ಅಂಚನ್ನು ಬಿರಿದು ಹೊರಬರುತ್ತದೆ. ಎರಡೂ ಅತಿ ಮೆತ್ತಗಾದರೆ ಒಡೆಯದೆ ಇರಬಹುದು, ಆದರೆ ಮಣೆಯಿಂದ ಎತ್ತಲಾಗದು. ಆದುದರಿಂದ ಹೋಳಿಗೆಯ ಇಡೀ ತಯಾರಿಯನ್ನು, ಎರಡು ಕಡೆಯಿಂದ ಹೊರಟು ಒಂದೇ ಹದಕ್ಕೆ ಬಂದು ಸೇರುವ ಪ್ರಯತ್ನವೆಂದು ನೋಡುವುದು ಒಳ್ಳೆಯದು. ಆ ಹದವನ್ನು ನಿರ್ಧರಿಸುವುದು ಹೆಚ್ಚು ಕಡಿಮೆ ನೀರೊಂದೇ. ಪಂಜಾಬಿನ ಆಲೂ ಪರಾಠೆಗೂ, ‘ಸತ್ತು’ ಎಂಬ ಹುರಿದ ಕಡಲೆಯ ಹಿಟ್ಟು ತುಂಬುವ ಬಿಹಾರದ ಸತ್ತು ಪರಾಠೆಗೂ ಇದೇ ಮಾತು ಅನ್ವಯಿಸುತ್ತದೆ. ಅವುಗಳ ವಿಷಯಕ್ಕೆ ಆಮೇಲೆ ಬರೋಣ, ಮೊದಲು ಮನೆಯ ಹೋಳಿಗೆಯನ್ನೇ ನೋಡೋಣ.

ಕಣಕ ಹಿಗ್ಗುವುದು ಗೋಧಿಯ ಗುಣದಿಂದ. ಗೋಧಿಯಲ್ಲಿ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿದ್ದು, ನೀರು ಸೇರಿಸಿ ನಾದಿದಾಗ ಅವು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುತ್ತವೆ. ಗ್ಲುಟೆನಿನ್‌ನಿಂದ ಹಿಟ್ಟಿಗೆ ಸೆಟೆದು ನಿಲ್ಲುವ ಬಲ ಬರುತ್ತದೆ, ಗ್ಲಯಾಡಿನ್‌ನಿಂದ ಎಳೆದತ್ತ ಸಾಗುವ ಗುಣ ಬರುತ್ತದೆ. ಅಕ್ಕಿ, ರಾಗಿ, ಜೋಳಗಳಲ್ಲಿ ಇಂಥ ಬಲೆ ಆಗುವುದಿಲ್ಲ. ಅಕ್ಕಿ ಕಡುಬಿನ ಹಿಟ್ಟನ್ನು ಕುದಿನೀರಿನಲ್ಲಿ ಬೇಯಿಸಿಕೊಳ್ಳುವುದು ಅದರ ಪಿಷ್ಟವನ್ನೇ ಅಂಟಾಗಿಸಿ ಆ ಕೊರತೆಯನ್ನು ತುಂಬುವುದಕ್ಕಾಗಿ. ಹಾಗೆ ಮಾಡಿದ ಹಿಟ್ಟನ್ನು ಕೈಯಲ್ಲಿ ಬಟ್ಟಲಿನಂತೆ ತಿದ್ದಿ ಹೂರಣ ತುಂಬಬಹುದೇ ಹೊರತು, ತುಂಬಿದ ಮೇಲೆ ಹೋಳಿಗೆಯಂತೆ ತೆಳ್ಳಗೆ ಲಟ್ಟಿಸಲು ಬರುವುದಿಲ್ಲ.

ಹಳೇ ಮೈಸೂರಿನ ಕಡೆ ಒಬ್ಬಟ್ಟಿನ ಕಣಕಕ್ಕೆ ಚಿರೋಟಿ ರವೆಯನ್ನೋ, ಚಿರೋಟಿ ರವೆ ಮತ್ತು ಮೈದಾ ಹಿಟ್ಟಿನ ಮಿಶ್ರಣವನ್ನೋ ಬಳಸುವುದು ರೂಢಿ. ಇವೆರಡರಲ್ಲೂ ಗೋಧಿಯ ಹೊಟ್ಟು ಇರುವುದಿಲ್ಲ. ಹೊಟ್ಟಿನ ಚೂರುಗಳು ಗ್ಲುಟೆನ್ ಎಳೆಗಳನ್ನು ಅಲ್ಲಲ್ಲಿ ಕತ್ತರಿಸುವುದರಿಂದ, ಅದಿಲ್ಲದ ಹಿಟ್ಟು ಹೆಚ್ಚು ದೂರ ಹಿಗ್ಗುತ್ತದೆ. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಗೋಧಿ ಹಿಟ್ಟಿನಲ್ಲೇ ಹೋಳಿಗೆ ಮಾಡುತ್ತಾರೆ, ಅದರ ರುಚಿಯೇ ಬೇರೆ. ಆದರೆ ಮೈದಾ ಹಿಟ್ಟಿನ ಅಳತೆಯಲ್ಲಿ ನೀರು ಹಾಕಿ ಗೋಧಿ ಹಿಟ್ಟನ್ನು ಕಲಸಿದರೆ ಕಣಕ ಗಟ್ಟಿಯಾಗುವುದು ಖಂಡಿತ, ಏಕೆಂದರೆ ಹೊಟ್ಟೂ ನೀರು ಕುಡಿಯುತ್ತದೆ, ಕಲ್ಲಿನ ಗಿರಣಿಯಲ್ಲಿ ಜಜ್ಜಿಹೋದ ಪಿಷ್ಟದ ಕಣಗಳೂ ನೀರು ಕುಡಿಯುತ್ತವೆ. ಗೋಧಿ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಸಾಣಿಸಿ, ಸ್ವಲ್ಪ ಹೆಚ್ಚು ನೀರು ಹಾಕಿ, ಹೆಚ್ಚು ಹೊತ್ತು ನೆನೆಯಲು ಬಿಟ್ಟರೆ ತೊಡಕು ಬಹುಮಟ್ಟಿಗೆ ನೀಗುತ್ತದೆ.

ಅಳತೆ ಬೇಕೆನ್ನುವವರಿಗೆ, ಸುಮಾರು ಹದಿನಾಲ್ಕು ಹೋಳಿಗೆಗೆ 150 ಗ್ರಾಂ ಮೈದಾ, 100 ಗ್ರಾಂ ಚಿರೋಟಿ ರವೆ, ಚಿಟಿಕೆ ಉಪ್ಪು, ಚಿಟಿಕೆ ಅರಿಸಿನ ಮತ್ತು ಸುಮಾರು 170 ಮಿಲಿ ನೀರು ಸಾಕು. ನೀರನ್ನು ಒಮ್ಮೆಗೇ ಸುರಿಯದೆ ಕೊನೆಯ ಎರಡು ಮೂರು ಚಮಚವನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು, ಹಿಟ್ಟಿನಿಂದ ಹಿಟ್ಟಿಗೆ ಅದು ಕುಡಿಯುವ ನೀರಿನಲ್ಲಿ ವ್ಯತ್ಯಾಸವಿರುತ್ತದೆ. ಎಣ್ಣೆಯನ್ನು ಯಾವಾಗ ಹಾಕಬೇಕೆಂಬುದು ಇಲ್ಲಿ ಬಹಳ ಮುಖ್ಯ. ಒಣಹಿಟ್ಟಿಗೇ ಧಾರಾಳವಾಗಿ ಎಣ್ಣೆ ಹಾಕಿ ತಿಕ್ಕಿದರೆ ಅದು ಹಿಟ್ಟಿನ ಕಣಗಳಿಗೆ ಲೇಪವಾಗಿ ನೀರು ಒಳಗೆ ಹೋಗದಂತೆ ತಡೆಯುತ್ತದೆ, ಬಲೆ ಕಟ್ಟಿಕೊಳ್ಳುವುದಿಲ್ಲ, ಕಣಕ ಹಿಗ್ಗುವ ಬದಲು ಪುಡಿಪುಡಿಯಾಗುತ್ತದೆ. ನಿಪ್ಪಟ್ಟು, ಶಂಕರಪೋಳಿಗಳಿಗೆ ಬೇಕಾದುದು ಆ ಗುಣ, ಹೋಳಿಗೆಗೆ ಬೇಡವಾದುದೂ ಅದೇ. ಆದುದರಿಂದ ಮೊದಲು ನೀರಿನಲ್ಲೇ ಕಲಸಿ, ಹತ್ತು ನಿಮಿಷ ಚೆನ್ನಾಗಿ ನಾದಿ, ಹಿಟ್ಟು ನುಣುಪಾದ ಮೇಲೆ ಮೂರು ನಾಲ್ಕು ದೊಡ್ಡ ಚಮಚ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಮತ್ತೆ ನಾದಬೇಕು. ಹಿಂದೆ ಕಣಕವನ್ನು ಒರಳಿಗೆ ಹಾಕಿ ಕುಟ್ಟುತ್ತಿದ್ದ ಮನೆಗಳಿದ್ದವು, ಆ ಶ್ರಮದ ಉದ್ದೇಶವೂ ಬಲೆಯನ್ನು ಬಲಪಡಿಸುವುದೇ ಆಗಿತ್ತು.

ನಾದಿದ ತಕ್ಷಣ ಕಣಕವನ್ನು ಎಳೆದು ನೋಡಿದರೆ ಅದು ರಬ್ಬರಿನಂತೆ ಹಿಂದಕ್ಕೆ ಸೆಟೆದುಕೊಳ್ಳುತ್ತದೆ. ಈ ಸ್ಥಿತಿಯಲ್ಲಿ ಹೋಳಿಗೆ ಮಾಡಹೊರಟರೆ ಲಟ್ಟಿಸಿದಷ್ಟೂ ಕುಗ್ಗುತ್ತ ಬರುತ್ತದೆ, ಕೈ ಬಲ ಹಾಕುತ್ತದೆ, ಹೊದಿಕೆ ಹರಿಯುತ್ತದೆ. ಕಣಕದ ಮೇಲೆ ಎಣ್ಣೆ ಹುಯ್ದು ಮುಚ್ಚಿ ಎರಡು ಗಂಟೆಗೆ ಕಡಿಮೆಯಿಲ್ಲದಂತೆ ನೆನೆಯಲು ಬಿಡುವ ಪದ್ಧತಿ ಇದಕ್ಕೇ ಇರುವುದು. ಆ ಹೊತ್ತಿನಲ್ಲಿ ರವೆಯ ಕಣಗಳ ನಡುವಿನವರೆಗೂ ನೀರು ಇಳಿಯುತ್ತದೆ, ಬಿಗಿದುಕೊಂಡಿದ್ದ ಗ್ಲುಟೆನ್ ಸಡಿಲಗೊಳ್ಳುತ್ತದೆ, ಮೇಲಿನ ಎಣ್ಣೆ ಮೇಲ್ಪದರ ಒಣಗಿ ಚಕ್ಕೆ ಕಟ್ಟದಂತೆ ಕಾಯುತ್ತದೆ. ನೆನೆದ ಕಣಕದಿಂದ ಒಂದು ಗೋಲಿಯಷ್ಟು ತೆಗೆದು ಎರಡು ಕೈಗಳಿಂದ ನಿಧಾನವಾಗಿ ಎಳೆದಾಗ ಅದು ತುಂಡಾಗದೆ ತೆಳ್ಳಗಿನ ಪರೆಯಾಗಿ ಹಿಗ್ಗಿದರೆ ಕಣಕದ ಕೆಲಸ ಮುಗಿಯಿತು. ಇನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರೆ ಕಾಯಬೇಕು. ಎಷ್ಟೋ ಹೋಳಿಗೆಗಳು ಹಾಳಾಗುವುದು ಈ ಎರಡು ಗಂಟೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿದ್ದರಿಂದ ಎಂಬುದು ನನ್ನ ಅನುಭವ.

ಹೂರಣದ ಕಡೆಯ ಕಥೆ ಇದಕ್ಕೆ ವಿರುದ್ಧ. ಕಣಕಕ್ಕೆ ನೀರು ಸೇರಿಸುತ್ತ ಹೋಗುತ್ತೇವೆ, ಹೂರಣದಿಂದ ನೀರು ತೆಗೆಯುತ್ತ ಹೋಗುತ್ತೇವೆ. ಉತ್ತರ ಕರ್ನಾಟಕದಲ್ಲಿ ಹೆಚ್ಚಾಗಿ ಕಡಲೆಬೇಳೆ, ಬೆಂಗಳೂರು ಮೈಸೂರಿನ ಕಡೆ ಹೆಚ್ಚಾಗಿ ತೊಗರಿಬೇಳೆ ಬಳಸುವ ವಾಡಿಕೆಯಿದೆ. ಎರಡನ್ನೂ ಬೆರೆಸುವವರೂ ಇದ್ದಾರೆ. ತೊಗರಿ ಬೇಗ ಬೆಂದು ಕರಗಿಬಿಡುತ್ತದೆ, ಕಡಲೆ ಆಕಾರ ಉಳಿಸಿಕೊಂಡು ಬೇಯುತ್ತದೆ. ಹೊಸಬರು ಕಡಲೆಬೇಳೆಯಿಂದ ಆರಂಭಿಸುವುದು ಕ್ಷೇಮ. 250 ಗ್ರಾಂ ಕಡಲೆಬೇಳೆಯನ್ನು ಒಂದೆರಡು ಗಂಟೆ ನೆನೆಸಿ, ಧಾರಾಳ ನೀರಿನಲ್ಲಿ ತೆರೆದ ಪಾತ್ರೆಯಲ್ಲೇ ಬೇಯಿಸಿದರೆ ಹದ ಕಣ್ಣೆದುರಿಗಿರುತ್ತದೆ. ಬೇಳೆಯೊಂದನ್ನು ಎರಡು ಬೆರಳ ನಡುವೆ ಹಿಸುಕಿದರೆ ಒಳಗೆ ಗಟ್ಟಿ ಕಾಳು ಸಿಗದೆ ಮೆತ್ತಗೆ ನುಗ್ಗಾಗಬೇಕು, ಆದರೆ ಪಾತ್ರೆಯಲ್ಲಿ ಅದು ಬೇಳೆಯಾಗಿಯೇ ಕಾಣುತ್ತಿರಬೇಕು. ಕುಕ್ಕರಿನಲ್ಲಿ ಇಡುವುದಾದರೆ, ನೆನೆದ ಬೇಳೆಗೆ ಎರಡು ಮೂರು ಕೂಗು ಸಾಕಾಗುತ್ತದೆ. ಒಂದು ಕೂಗು ಹೆಚ್ಚಾದರೆ ಬೇಳೆ ಒಡೆದು ಅದರ ಪಿಷ್ಟವೆಲ್ಲ ನೀರು ಹೀರಿಕೊಂಡು ಗಂಜಿಯಾಗುತ್ತದೆ, ಆ ನೀರನ್ನು ಬಸಿದು ತೆಗೆಯಲು ಯಾವ ಜರಡಿಯಿಂದಲೂ ಆಗುವುದಿಲ್ಲ.

ಬೇಳೆ ಪೂರ್ತಿ ಬೇಯುವ ಮೊದಲು ಬೆಲ್ಲ ಹಾಕಬಾರದೆಂಬ ನಿಯಮಕ್ಕೆ ಸ್ಪಷ್ಟವಾದ ಕಾರಣವಿದೆ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಬೆಸೆದಿಟ್ಟಿರುವುದು ಪೆಕ್ಟಿನ್ ಎಂಬ ವಸ್ತು, ಅದು ಬಿಸಿನೀರಿನಲ್ಲಿ ಕರಗಿದಾಗಲೇ ಬೇಳೆ ಮೆತ್ತಗಾಗುವುದು. ಬೆಲ್ಲದಲ್ಲಿರುವ ಸಕ್ಕರೆ ನೀರನ್ನು ತನ್ನತ್ತ ಹಿಡಿದುಕೊಂಡು ಈ ಕರಗುವಿಕೆಯನ್ನು ನಿಧಾನಗೊಳಿಸಿದರೆ, ಬೆಲ್ಲದ ಕ್ಯಾಲ್ಸಿಯಂ ಪೆಕ್ಟಿನ್ ಜೊತೆಗೂಡಿ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಬೇಳೆ ಬೇಯಲು ಸತಾಯಿಸುವುದೂ ಇದೇ ಕ್ಯಾಲ್ಸಿಯಂ ದೆಸೆಯಿಂದ. ಒಮ್ಮೆ ಅವಸರದಲ್ಲಿ ಅರೆಬೆಂದ ಬೇಳೆಗೆ ಬೆಲ್ಲ ಸುರಿದು, ಆಮೇಲೆ ಒಂದು ಗಂಟೆ ಕುದಿಸಿದರೂ ಮೆತ್ತಗಾಗದ ಕಾಳುಗಳನ್ನು ನೋಡುತ್ತ ಕುಳಿತವನು ನಾನು. ರುಬ್ಬಿದರೆ ಹೋದೀತು ಎಂದುಕೊಂಡೆ. ಹೋಗಲಿಲ್ಲ, ನುಚ್ಚಿನಂತೆ ಉಳಿದ ಆ ಚೂರುಗಳೇ ಆ ದಿನ ಪ್ರತಿಯೊಂದು ಹೋಳಿಗೆಯನ್ನೂ ತೂತು ಮಾಡಿದವು.

ಬೆಂದ ಬೇಳೆಯನ್ನು ಬಸಿಯುವುದನ್ನು ಚಿಕ್ಕ ಕೆಲಸವೆಂದು ಯಾರೂ ತಿಳಿಯಬಾರದು. ತೂತಿನ ಪಾತ್ರೆಗೆ ಸುರಿದು ಎರಡು ನಿಮಿಷಕ್ಕೆ ಎತ್ತಿಕೊಂಡರೆ ಬೇಳೆಯ ಸಂದುಗಳಲ್ಲಿ ನೀರು ಉಳಿದೇ ಇರುತ್ತದೆ. ಅರ್ಧ ಗಂಟೆ ಬಿಟ್ಟರೆ ಕಟ್ಟು ಪೂರ್ತಿ ಇಳಿಯುತ್ತದೆ, ಬೇಳೆಯ ಬಿಸಿಗೆ ಮೇಲಿನ ತೇವವೂ ಆವಿಯಾಗಿ ಹೋಗುತ್ತದೆ. ಬಾಣಲೆಯಲ್ಲಿ ನಲವತ್ತು ನಿಮಿಷ ಸೌಟು ತಿರುಗಿಸುವ ಶ್ರಮವನ್ನು ಈ ಅರ್ಧ ಗಂಟೆಯ ತಾಳ್ಮೆ ಉಳಿಸುತ್ತದೆ.

ಬಸಿದ ಬೇಳೆಗೆ ಅಷ್ಟೇ ತೂಕದ, ಅಂದರೆ ಬೇಯಿಸುವ ಮೊದಲು ಬೇಳೆ ಇದ್ದಷ್ಟೇ ತೂಕದ, ಕುಟ್ಟಿದ ಬೆಲ್ಲ ಸೇರಿಸಿ ಒಲೆಯ ಮೇಲಿಡಬೇಕು. ಗಟ್ಟಿಯಾಗಿದ್ದುದು ಬೆಲ್ಲ ಬಿದ್ದೊಡನೆ ಪಾಯಸದಂತೆ ಸಡಿಲವಾಗುತ್ತದೆ. ಬೆಲ್ಲ ಕರಗುವುದರ ಜೊತೆಗೆ ಬೇಳೆಯೊಳಗಿನ ನೀರನ್ನೂ ಸಕ್ಕರೆ ಹೊರಗೆಳೆಯುವುದರಿಂದ ಹೀಗಾಗುತ್ತದೆ. ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ, ಆಗಬೇಕಾಗಿಲ್ಲ. ಮಧ್ಯಮ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತಿದ್ದರೆ ನೀರು ಆವಿಯಾಗಿ ಮಿಶ್ರಣ ಬಾಣಲೆಯ ಅಂಚು ಬಿಡತೊಡಗುತ್ತದೆ, ನಡುವೆ ನಿಲ್ಲಿಸಿದ ಸೌಟು ಬೀಳದೆ ನಿಲ್ಲುತ್ತದೆ. ಅಲ್ಲಿಗೆ ಇಳಿಸಬೇಕು. ಇನ್ನೂ ಗಟ್ಟಿಯಾಗಲೆಂದು ಉರಿಯಲ್ಲೇ ಬಿಟ್ಟರೆ, ಆರಿದ ಮೇಲೆ ಅದು ಕಲ್ಲಾಗುತ್ತದೆ. ಬೆಲ್ಲದ ಪಾಕವೂ ಬೆಂದ ಪಿಷ್ಟವೂ ತಣ್ಣಗಾಗುತ್ತ ಬಿಗಿಯುವ ಸ್ವಭಾವದವು. ಬಿಸಿಯಲ್ಲಿ ತುಸು ಸಡಿಲವೆನಿಸಿದ ಹೂರಣವೇ ಆರಿದಾಗ ಸರಿಯಾದ ಹದಕ್ಕೆ ಬರುತ್ತದೆ. ಬೆಲ್ಲದಲ್ಲಿ ಕಲ್ಲುಮಣ್ಣು ಇರುವ ಅನುಮಾನವಿದ್ದರೆ ಕರಗಿಸಿ ಸೋಸಲೇಬೇಕಾಗುತ್ತದೆ, ಆದರೆ ಅದಕ್ಕೆ ಹಾಕುವ ಒಂದೊಂದು ಚಮಚ ನೀರನ್ನೂ ಆಮೇಲೆ ಒಲೆಯ ಮೇಲೆ ಓಡಿಸಬೇಕೆಂಬುದನ್ನು ಮರೆಯಬಾರದು.

ಇನ್ನು ರುಬ್ಬುವುದು. ಒರಳುಕಲ್ಲಿನ ಹೂರಣವನ್ನು ಬಲ್ಲವರು ಮಿಕ್ಸಿಯ ಹೂರಣವನ್ನು ಒಪ್ಪುವುದಿಲ್ಲ, ಅವರ ಹಟದಲ್ಲಿ ಅರ್ಥವಿದೆ. ಕಲ್ಲು ನೀರಿಲ್ಲದೆ ಅರೆಯುತ್ತದೆ, ಮಿಕ್ಸಿಯ ಬ್ಲೇಡು ನೀರಿಲ್ಲದೆ ತಿರುಗುವುದಿಲ್ಲ, ತಿರುಗಲೆಂದು ನೀರು ಹಾಕಿದರೆ ಒಲೆಯ ಮುಂದೆ ನಿಂತು ಮಾಡಿದ ಕೆಲಸವೆಲ್ಲ ವ್ಯರ್ಥ. ಮಿಕ್ಸಿಯೊಂದೇ ಇರುವವರು ಬಸಿದ ಬೇಳೆಯನ್ನು ಬೆಲ್ಲ ಹಾಕುವ ಮೊದಲೇ, ಇನ್ನೂ ಬೆಚ್ಚಗಿರುವಾಗ ಸ್ವಲ್ಪ ಸ್ವಲ್ಪವಾಗಿ ಪುಡಿ ಮಾಡಿಕೊಂಡು ನಂತರ ಬೆಲ್ಲದೊಂದಿಗೆ ಬೇಯಿಸಬಹುದು. ಮಹಾರಾಷ್ಟ್ರದಲ್ಲಿ ಪುರಣಪೋಳಿಗಾಗಿ ಬೇಯಿಸಿದ ಮಿಶ್ರಣವನ್ನು ತೂತಿನ ತಟ್ಟೆಯ ಮೂಲಕ ಹಾಯಿಸುವ ಕೈಯಂತ್ರವೇ ಇದೆ, ಬೇಯದ ಕಾಳು ಅದರಲ್ಲಿ ಮೇಲೆಯೇ ಉಳಿಯುವುದರಿಂದ ಅದು ಸೋಸುವ ಕೆಲಸವನ್ನೂ ಮಾಡುತ್ತದೆ. ಏಲಕ್ಕಿ, ಜಾಯಿಕಾಯಿ ಪುಡಿಯನ್ನು ಕೊನೆಗೆ ಸೇರಿಸಿದರೆ ಪರಿಮಳ ಉರಿಯಲ್ಲಿ ಹಾರಿಹೋಗುವುದಿಲ್ಲ. ಹಳೇ ಮೈಸೂರಿನ ಕೆಲವು ಮನೆಗಳಲ್ಲಿ ಬೇಳೆಯೊಂದಿಗೆ ತೆಂಗಿನತುರಿಯನ್ನೂ ರುಬ್ಬುತ್ತಾರೆ, ಹಾಗಿದ್ದರೆ ಕಾಯಿಯ ಹಾಲೂ ನೀರಿನ ಲೆಕ್ಕಕ್ಕೆ ಸೇರುತ್ತದೆ.

ಈಗ ಎರಡೂ ಸಿದ್ಧವಾದವು. ತುಂಬುವ ಮೊದಲು ಅರ್ಧ ನಿಮಿಷದ ಒಂದು ಪರೀಕ್ಷೆ ಮಾಡಿಕೊಳ್ಳುವುದು ಲೇಸು. ನಿಂಬೆಹಣ್ಣಿನ ಗಾತ್ರದ ಕಣಕದ ಉಂಡೆ ಒಂದು, ಹೂರಣದ ಉಂಡೆ ಒಂದು ಪಕ್ಕಪಕ್ಕದಲ್ಲಿಟ್ಟು ಒಂದೇ ಹೆಬ್ಬೆರಳಿನಿಂದ ಅಷ್ಟೇ ಬಲ ಹಾಕಿ ಒತ್ತಿ ನೋಡಬೇಕು. ಎರಡೂ ಸರಿಸುಮಾರು ಒಂದೇ ಆಳಕ್ಕೆ ತಗ್ಗಿದರೆ ಮುಂದುವರಿಯಬಹುದು. ಹೂರಣ ಗಟ್ಟಿಯಾಗಿದ್ದರೆ ಒಂದೆರಡು ಚಮಚ ಬಿಸಿ ಹಾಲನ್ನೋ ನೀರನ್ನೋ ಚಿಮುಕಿಸಿ ನಾದಿಕೊಳ್ಳಬೇಕು, ಸಡಿಲವಾಗಿದ್ದರೆ ಮತ್ತೆ ಬಾಣಲೆಗೆ ಹಾಕಿ ಬಾಡಿಸಬೇಕು, ತೀರ ಅವಸರವಿದ್ದರೆ ಹುರಿಗಡಲೆ ಪುಡಿ ಬೆರೆಸಬೇಕು. ಕಣಕ ಗಟ್ಟಿಯಾಗಿದ್ದರೆ ಕೈ ಒದ್ದೆ ಮಾಡಿಕೊಂಡು ನಾದಿ ಮತ್ತೆ ಬಿಡಬೇಕು. ಈ ಪರೀಕ್ಷೆಯನ್ನು ಎರಡೂ ಕೋಣೆಯ ಶಾಖಕ್ಕೆ ಬಂದಿರುವಾಗಲೇ ಮಾಡಬೇಕು. ಫ್ರಿಜ್ಜಿನಿಂದ ತೆಗೆದ ಹೂರಣ ಸುಳ್ಳು ಗಟ್ಟಿತನ ತೋರಿಸುತ್ತದೆ, ಬಿಸಿ ಹೂರಣ ಸುಳ್ಳು ಮೆತ್ತನೆ ತೋರಿಸುವುದಲ್ಲದೆ ಒಳಗಿನಿಂದ ಹಬೆಯಾಡಿ ಕಣಕವನ್ನು ತೋಯಿಸುತ್ತದೆ.

ಪ್ರಮಾಣದ ವಿಷಯದಲ್ಲಿ ಪಳಗಿದವರು ಕಣಕದ ಎರಡರಷ್ಟು ಹೂರಣ ತುಂಬುತ್ತಾರೆ. ಕಲಿಯುವವರು 30 ಗ್ರಾಂ ಕಣಕಕ್ಕೆ 30 ಗ್ರಾಂ ಹೂರಣದಿಂದ ಆರಂಭಿಸಿ, ಕೈ ಕುದುರಿದಂತೆ 50 ಗ್ರಾಂವರೆಗೆ ಏರಿಸಬಹುದು. ಹೂರಣ ಕಡಿಮೆಯಾದರೆ ಹೋಳಿಗೆ ಒಡೆಯುವುದಿಲ್ಲ, ಆದರೆ ಸಿಹಿ ಚಪಾತಿ ತಿಂದಂತಾಗುತ್ತದೆ. ಕಣಕವನ್ನು ಅಂಗೈಯಲ್ಲಿ ತಟ್ಟುವಾಗ ನಡುಭಾಗ ದಪ್ಪ, ಅಂಚು ತೆಳುವಾಗಿರಬೇಕು. ಹೂರಣವನ್ನಿಟ್ಟು ಅಂಚುಗಳನ್ನೆಲ್ಲ ಮೇಲಕ್ಕೆ ಎಳೆದು ಒಟ್ಟುಗೂಡಿಸಿದಾಗ ತೆಳ್ಳಗಿನ ಆ ಅಂಚುಗಳೇ ಒಂದರ ಮೇಲೊಂದು ಬಿದ್ದು ಅಲ್ಲಿ ದಪ್ಪವಾಗುತ್ತದೆ. ಮೊದಲೇ ಎಲ್ಲ ಕಡೆ ಸಮನಾಗಿ ತಟ್ಟಿದ್ದರೆ ಒಂದು ಬದಿ ಹಿಟ್ಟಿನ ಗಂಟು, ಇನ್ನೊಂದು ಬದಿ ಹೂರಣ ಕಾಣುವಷ್ಟು ತೆಳು ಪರೆ ಆಗುತ್ತದೆ. ಕೂಡಿಸಿದ ಜಾಗದಲ್ಲಿ ಹೆಚ್ಚಾದ ಕಣಕವನ್ನು ಚಿವುಟಿ ತೆಗೆದು, ಆ ಬದಿಯನ್ನು ಕೆಳಗೆ ಮಾಡಿ ಐದು ನಿಮಿಷ ಬಿಟ್ಟರೆ, ಎಳೆದಾಟದಿಂದ ಬಿಗಿದ ಕಣಕ ಮತ್ತೆ ಸಡಿಲವಾಗುತ್ತದೆ.

ಒಬ್ಬಟ್ಟನ್ನು ತಟ್ಟಬೇಕೋ ಲಟ್ಟಿಸಬೇಕೋ ಎಂಬುದು ಊರಿನಿಂದ ಊರಿಗೆ ಬದಲಾಗುವ ಪ್ರಶ್ನೆ. ಕಣಕದ ಹದವೇ ಅದಕ್ಕೆ ಉತ್ತರ ಹೇಳುತ್ತದೆ. ಎಣ್ಣೆಯಲ್ಲಿ ಮುಳುಗಿ ಜಾರುವಷ್ಟು ಮೆತ್ತಗಿರುವ ದಕ್ಷಿಣದ ಕಣಕವನ್ನು ಲಟ್ಟಣಿಗೆ ಎಳೆದು ಹರಿದುಹಾಕುತ್ತದೆ, ಅದನ್ನು ಎಣ್ಣೆ ಸವರಿದ ಬಾಳೆಎಲೆಯ ಮೇಲೋ ದಪ್ಪ ಹಾಳೆಯ ಮೇಲೋ ಬೆರಳುಗಳಿಂದ ತಟ್ಟಬೇಕು. ಬಾಳೆಎಲೆಯನ್ನು ಉರಿಯ ಮೇಲೆ ತುಸು ಬಾಡಿಸಿಕೊಂಡರೆ ಅದು ಸೀಳುವುದಿಲ್ಲ, ಎಲೆಯ ಸಮೇತ ಹೋಳಿಗೆಯನ್ನು ಹಂಚಿನ ಮೇಲೆ ಮಗುಚಿ ಎಲೆಯನ್ನು ಮೆಲ್ಲಗೆ ಬಿಡಿಸಿಕೊಳ್ಳಬಹುದು. ಹಾಲಿನ ಕವರನ್ನು ಹೀಗೆ ಬಳಸುವ ಅಭ್ಯಾಸವೂ ಉಂಟು. ಕಾದ ಹಂಚಿಗೆ ಪ್ಲಾಸ್ಟಿಕ್ಕನ್ನು ಸೋಕಿಸುವುದನ್ನು ನಾನು ಒಪ್ಪಲಾರೆ. ಉತ್ತರದ ಕಣಕ ತುಸು ಗಟ್ಟಿ. ಅದನ್ನು ಅಕ್ಕಿಹಿಟ್ಟು ಉದುರಿಸಿದ ಮಣೆಯ ಮೇಲೆ ಲಟ್ಟಿಸುತ್ತಾರೆ. ಗ್ಲುಟೆನ್ ಇಲ್ಲದ ಅಕ್ಕಿಹಿಟ್ಟು ಕಣಕದೊಡನೆ ಬೆರೆತು ಅಂಟಾಗದೆ ಸಣ್ಣ ಮರಳಿನಂತೆ ಉರುಳುತ್ತ ಹೋಳಿಗೆಯನ್ನು ಜಾರಿಸುತ್ತದೆ. ಯಾವ ವಿಧಾನವಾದರೂ ಮೊದಲು ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ಒತ್ತುತ್ತ ಹೂರಣವನ್ನು ಅಂಚಿನ ಕಡೆಗೆ ಕಳುಹಿಸಬೇಕು. ಲಟ್ಟಣಿಗೆಯ ಕೆಲಸ ಆಮೇಲೆ, ಅದೂ ಹಗುರಾಗಿ.

ಹಂಚು ಹದವಾಗಿ ಕಾದಿದೆಯೇ ಎಂಬುದನ್ನು ತಿಳಿಯಲು ಅದರ ಮೇಲೆ ಚಿಟಿಕೆ ಅಕ್ಕಿಹಿಟ್ಟು ಉದುರಿಸಿದರೆ ಸಾಕು. ಹಿಟ್ಟು ಬಿದ್ದೊಡನೆ ಕಂದಾದರೆ ಉರಿ ಹೆಚ್ಚು, ಒಂದು ನಿಮಿಷವಾದರೂ ಬಿಳಿಯಾಗಿಯೇ ಇದ್ದರೆ ಕಡಿಮೆ. ಉರಿ ಕಡಿಮೆಯಾದರೆ ಹೋಳಿಗೆ ಕೆಂಪಾಗಲು ಬಹಳ ಹೊತ್ತು ಬೇಕಾಗಿ ಅಷ್ಟರಲ್ಲಿ ಕಣಕದ ನೀರೆಲ್ಲ ಹಾರಿ ಹಪ್ಪಳವಾಗುತ್ತದೆ. ಉರಿ ಹೆಚ್ಚಾದರೆ ಸಣ್ಣ ಬಿರುಕಿನಲ್ಲಿ ಇಣುಕಿದ ಬೆಲ್ಲ ಕ್ಷಣದಲ್ಲಿ ಸೀಯುತ್ತದೆ. ದಪ್ಪ ತಳದ ಕಬ್ಬಿಣದ ಹಂಚು ತಣ್ಣನೆಯ ಹೋಳಿಗೆ ಬಿದ್ದಾಗಲೂ ಶಾಖವನ್ನು ಬೇಗ ಕಳೆದುಕೊಳ್ಳದ ಕಾರಣ ಅದಕ್ಕೇ ಮೊದಲ ಸ್ಥಾನ. ಒಂದೊಂದು ಹೋಳಿಗೆಯ ನಂತರ ಹಂಚಿನ ಮೇಲೆ ಉಳಿದ ಹಿಟ್ಟನ್ನು ಒಣಬಟ್ಟೆಯಿಂದ ಒರೆಸದಿದ್ದರೆ ಅದು ಕರಿದಾಗಿ ಮುಂದಿನದಕ್ಕೆ ಅಂಟುತ್ತದೆ. ನೀರು ಆವಿಯಾಗುವಾಗ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ, ಹೊದಿಕೆ ಎಲ್ಲೂ ತೂತಿಲ್ಲದೆ ಮುಚ್ಚಿಕೊಂಡಿದ್ದರೆ ಆ ಆವಿಯೇ ಹೋಳಿಗೆಯನ್ನು ಉಬ್ಬಿಸುತ್ತದೆ. ಭಾರವಾದ ಬೇಳೆ ಹೂರಣದ ಹೋಳಿಗೆ ಪೂರ್ತಿ ಉಬ್ಬದಿದ್ದರೆ ಅದು ದೋಷವಲ್ಲ. ತೆಗೆದ ಬಿಸಿ ಹೋಳಿಗೆಗಳನ್ನು ಒಂದರ ಮೇಲೊಂದು ಪೇರಿಸಬಾರದು, ಬಟ್ಟೆಯ ಮೇಲೆ ಹರಡಿ ಆರಿದ ಮೇಲೆ ಜೋಡಿಸಬೇಕು. ಇಲ್ಲವಾದರೆ ಒಳಗಿನ ಹಬೆ ಮತ್ತೆ ನೀರಾಗಿ ಎಲ್ಲವೂ ಅಂಟಿಕೊಳ್ಳುತ್ತವೆ.

ಹೂರಣದ ನೀರಿಗೂ ಹೋಳಿಗೆ ಕೆಡದೆ ಉಳಿಯುವ ದಿನಗಳಿಗೂ ನೇರ ಸಂಬಂಧವಿದೆ. ಬೇಳೆ ಹೋಳಿಗೆ ಹೊರಗಿಟ್ಟರೆ ಒಂದೆರಡು ದಿನ, ಹಸಿ ತೆಂಗಿನಕಾಯಿಯದು ಅದಕ್ಕೂ ಕಡಿಮೆ. ಉತ್ತರ ಕರ್ನಾಟಕದ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆಗಳನ್ನು ಪ್ರಯಾಣಕ್ಕೆ ಕಟ್ಟಿಕೊಂಡು ಹೋಗುವುದೂ, ದೂರದೂರಿನ ಮಕ್ಕಳಿಗೆ ಕಳುಹಿಸುವುದೂ ಸಾಧ್ಯವಾಗುವುದು ಅವುಗಳ ಹೂರಣದಲ್ಲಿ ಹುರಿದ ಕಾಳಿನ ಪುಡಿ ಮತ್ತು ಬೆಲ್ಲ ಬಿಟ್ಟರೆ ನೀರು ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ. ಬೂಷ್ಟಿಗೆ ಬೇಕಾದ ತೇವವೇ ಅಲ್ಲಿ ಸಿಗುವುದಿಲ್ಲ. ಶೇಂಗಾ ಪುಡಿ ಮಾಡುವಾಗ ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ಓಡಿಸಬೇಕು, ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಬೇಳೆ ಹೋಳಿಗೆಯನ್ನು ಹೆಚ್ಚು ದಿನ ಇಡಬೇಕೆಂದರೆ ಫ್ರಿಜ್ಜಿಗಿಂತ ಫ್ರೀಜರ್ ಮೇಲು. ಬೆಂದ ಪಿಷ್ಟ ಮತ್ತೆ ಗಟ್ಟಿಗೊಳ್ಳುವುದು ಫ್ರಿಜ್ಜಿನ ಶಾಖದಲ್ಲೇ ಹೆಚ್ಚು ವೇಗವಾಗಿ ನಡೆಯುತ್ತದೆ.

ಇಷ್ಟನ್ನು ತಿಳಿದವರಿಗೆ ಪರಾಠೆ ಹೊಸ ವಿದ್ಯೆಯೇನಲ್ಲ. ಆಲೂ ಪರಾಠೆಯಲ್ಲಿ ಹೂರಣದ ಜಾಗದಲ್ಲಿ ಆಲೂಗಡ್ಡೆಯಿದೆ, ನೀರಿನ ಸಮಸ್ಯೆ ಮಾತ್ರ ಬೇರೆ ವೇಷದಲ್ಲಿ ಬರುತ್ತದೆ. ಆಲೂಗಡ್ಡೆಯನ್ನು ಹೆಚ್ಚಿ ಬೇಯಿಸಿದರೆ ಕತ್ತರಿಸಿದ ಮೈಯಿಂದ ನೀರು ಒಳಗೆ ಹೋಗುತ್ತದೆ, ಸಿಪ್ಪೆಯೊಡನೆ ಇಡಿಯಾಗಿ ಬೇಯಿಸಿ, ಬಿಸಿಯಿರುವಾಗಲೇ ಸಿಪ್ಪೆ ತೆಗೆದು, ಹಬೆ ಪೂರ್ತಿ ಹೋಗುವವರೆಗೆ ಬಿಡಬೇಕು. ಮಳೆಗಾಲದಲ್ಲಿ ಹಾಸನದ ಕಡೆಯಿಂದ ಬರುವ ಹೊಸ ಗಡ್ಡೆಯಲ್ಲಿ ನೀರು ಹೆಚ್ಚಾಗಿರುವುದರಿಂದ ಇನ್ನಷ್ಟು ಆರಿಸುವುದು ಅಗತ್ಯ. ಗಡ್ಡೆಯನ್ನು ತುರಿಯಬೇಕು ಅಥವಾ ಕೈಯಿಂದ ಹಿಚುಕಬೇಕು, ಮಿಕ್ಸಿಗೆ ಹಾಕಿದರೆ ಜೀವಕೋಶಗಳೊಡೆದು ಪಿಷ್ಟ ಹೊರಬಂದು ಗೋಂದಾಗುತ್ತದೆ. ಗಂಟು ಉಳಿದರೂ ಪರಾಠೆ ಹರಿಯುತ್ತದೆ, ಈರುಳ್ಳಿ ದಪ್ಪಗಿದ್ದರೂ ಹರಿಯುತ್ತದೆ. ಆಲೂಗಡ್ಡೆಯ ಪಲ್ಯ ಹೋಳಿಗೆ ಹೂರಣಕ್ಕಿಂತ ಮೆತ್ತಗಿರುವುದರಿಂದ ಚಪಾತಿಗೆ ಕಲಸುವುದಕ್ಕಿಂತ ತುಸು ಸಡಿಲವಾಗಿ ಗೋಧಿ ಹಿಟ್ಟು ಕಲಸಿ ಅರ್ಧ ಗಂಟೆ ನೆನೆಸಿದರೆ ಎರಡೂ ಜೊತೆಯಾಗಿ ಹರಡುತ್ತವೆ.

ಮೂಲಂಗಿ ಪರಾಠೆ ಇವೆಲ್ಲಕ್ಕಿಂತ ತುಂಟ. ತುರಿದ ಮೂಲಂಗಿಗೆ ಉಪ್ಪು ಬಿದ್ದ ಗಳಿಗೆಯಿಂದಲೇ ಉಪ್ಪು ಅದರ ಜೀವಕೋಶಗಳೊಳಗಿನ ನೀರನ್ನು ಹೊರಗೆಳೆಯತೊಡಗುತ್ತದೆ, ತುಂಬುವಾಗ ಒಣಗಿದ್ದ ಪಲ್ಯ ಲಟ್ಟಿಸುವಷ್ಟರಲ್ಲಿ ನೀರಾಡುತ್ತದೆ. ಪಂಜಾಬಿನ ಮನೆಗಳಲ್ಲಿ ಇದಕ್ಕೆ ಸೊಗಸಾದ ಪರಿಹಾರವಿದೆ. ತುರಿಗೆ ಮೊದಲೇ ಉಪ್ಪು ಬೆರೆಸಿ ಹದಿನೈದು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡಿ, ಹೊರಬಂದ ರಸದಲ್ಲೇ ಪರಾಠೆಯ ಹಿಟ್ಟನ್ನು ಕಲಸುತ್ತಾರೆ. ಒಳಗಿರಬಾರದಾಗಿದ್ದ ನೀರು ಹೀಗೆ ಹೊರಗಿನ ಹೊದಿಕೆಗೆ ಸೇರಿ ರುಚಿಯೂ ಉಳಿಯುತ್ತದೆ. ಈರುಳ್ಳಿ, ಹೂಕೋಸಿನ ತುರಿಗಳಿಗೆ ಉಪ್ಪನ್ನು ಕೊನೆಯ ಗಳಿಗೆಯಲ್ಲಿ, ಒಂದೊಂದು ಪರಾಠೆ ತುಂಬುವಾಗ ಹಾಕುವುದು ಇನ್ನೊಂದು ದಾರಿ. ಬಿಹಾರದ ಸತ್ತು ಪರಾಠೆಯಲ್ಲಿ ತೊಂದರೆ ತಿರುಗುಮುರುಗಾಗುತ್ತದೆ. ಹುರಿದ ಕಡಲೆಯ ಹಿಟ್ಟು ತೀರ ಒಣಗಿದ್ದು ಉಂಡೆ ಕಟ್ಟದೆ ಉದುರುತ್ತದೆ, ಆದ್ದರಿಂದ ಅದಕ್ಕೆ ಸಾಸಿವೆ ಎಣ್ಣೆ, ಉಪ್ಪಿನಕಾಯಿಯ ಮಸಾಲೆ, ನಿಂಬೆರಸ, ಬೇಕಾದರೆ ಕೆಲವು ಹನಿ ನೀರು ಸೇರಿಸಿ ಮುಷ್ಟಿಯಲ್ಲಿ ಹಿಡಿದರೆ ನಿಲ್ಲುವ, ಮುಟ್ಟಿದರೆ ಬಿರಿಯುವ ಹದಕ್ಕೆ ತರುತ್ತಾರೆ.

ಹೋಳಿಗೆಯ ದಿನ ಬೇಳೆಯಿಂದ ಬಸಿದ ಕಟ್ಟನ್ನು ಚೆಲ್ಲಬಾರದೆಂದು ಬೇರೆ ಹೇಳಬೇಕಾಗಿಲ್ಲ. ಬೇಳೆಯ ಸಾರ ಅದರಲ್ಲಿ ಇಳಿದಿರುತ್ತದೆ. ಒಂದು ಹಿಡಿ ಹೂರಣವನ್ನು ತೆಂಗಿನತುರಿ, ಸಾರಿನ ಪುಡಿ ಸೇರಿಸಿ ರುಬ್ಬಿ, ಹುಣಿಸೆರಸ ಮತ್ತು ಉಪ್ಪಿನೊಂದಿಗೆ ಆ ಕಟ್ಟಿಗೆ ಕದಡಿ ಕುದಿಸಿ, ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ ಕೊಟ್ಟರೆ ಒಬ್ಬಟ್ಟಿನ ಸಾರು ಆಗುತ್ತದೆ. ಉತ್ತರ ಕರ್ನಾಟಕದವರು ಕಟ್ಟಿನ ಸಾರೆಂದು ಅದಕ್ಕೆ ಮಸಾಲೆಯನ್ನು ತುಸು ಜೋರಾಗಿಯೇ ಹಾಕುತ್ತಾರೆ. ಹೂರಣ ತೀರ ಸಡಿಲವಾಗಿ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಹೋಳಿಗೆ ಐದಾರಕ್ಕೇ ನಿಂತು, ಸಾರು ಮಾತ್ರ ಎರಡು ಪಾತ್ರೆ ಆಗುತ್ತಿತ್ತು, ಮರುದಿನಕ್ಕೆ ಅದರ ರುಚಿ ಇನ್ನೂ ಏರುತ್ತಿತ್ತು.